ಕೇಂದ್ರ ಬ್ಯಾಂಕಿಗೆ ಮೀಸಲು ನಿರ್ವಹಣೆ ಸಾಫ್ಟ್‌ವೇರ್ ಕೊಳ್ಳುವಾಗ ಏನು ನೋಡಬೇಕು?

ವಿದೇಶಿ ವಿನಿಮಯ ಮೀಸಲಿನ ಲೆಕ್ಕ ಇನ್ನೂ ಎಕ್ಸೆಲ್‌ನಲ್ಲೇ ಇದೆ, ಈಗ ಸಾಫ್ಟ್‌ವೇರ್‌ಗೆ ಟೆಂಡರ್ ಕರೆಯುತ್ತಿದ್ದೇವೆ, ಏನು ಗಮನಿಸಬೇಕು ಅಂತ ಕೇಳಿದ್ದೀರಿ. ನಾನು ಇಂಥ ಕೆಲಸದಲ್ಲಿ ಬ್ಯಾಕ್ ಆಫೀಸ್ ಕಡೆ, ಅಂದರೆ ಡೀಲ್ ಆದಮೇಲಿನ ಲೆಕ್ಕ, ಪಾವತಿ ನೋಡುವ ಕಡೆ, ಕೂತವನು. ನನ್ನ ಮಾತು ಸ್ವಲ್ಪ ಆ ಕಡೆಗೇ ವಾಲುತ್ತದೆ, ಸಹಿಸಿಕೊಳ್ಳಿ.

ಟೆಂಡರ್‌ನಲ್ಲಿ ಉದ್ದುದ್ದ ಬೇಡಿಕೆ ಪಟ್ಟಿ ಬರೆದು ಪಕ್ಕದಲ್ಲಿ ‘ಇದೆ, ಇಲ್ಲ’ ಕಾಲಂ ಇಟ್ಟರೆ ಎಲ್ಲ ವೆಂಡರ್‌ಗಳೂ ‘ಇದೆ’ ಅಂತಲೇ ತುಂಬುತ್ತಾರೆ. ಡೆಮೊದಲ್ಲೂ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಅದರ ಬದಲು ಕೊನೆ ಸುತ್ತಿಗೆ ಬಂದ ಇಬ್ಬರು ಮೂವರಿಗೆ ನಿಮ್ಮದೇ ಹಳೆಯ ಒಂದು ತಿಂಗಳ ಡೀಲ್‌ಗಳನ್ನು, ಎದುರು ಪಾರ್ಟಿಯ ಹೆಸರು ಅಳಿಸಿ, ಕೊಡಿ. ಕೊನೆಗೆ ಬರುವ ಲೆಡ್ಜರ್ ನಿಮ್ಮ ಲೆಕ್ಕಕ್ಕೆ ತಾಳೆಯಾಗುತ್ತಾ ನೋಡಿ. ಈ ಪರೀಕ್ಷೆಗೆ ಇಷ್ಟು ಅಂಕ ಅಂತ ಟೆಂಡರ್‌ನಲ್ಲೇ ಬರೆದಿರಿ. ಇಲ್ಲದಿದ್ದರೆ ಸೋತವರು ಆಮೇಲೆ ತಕರಾರು ತೆಗೆಯುತ್ತಾರೆ.

ತಂಟೆ ಕೊಡುವ ಡೀಲ್‌ಗಳನ್ನು ಬೇಕಂತಲೇ ಸೇರಿಸಿ. ಉದಾಹರಣೆಗೆ ಒಂದೇ ಬಾಂಡನ್ನು ಸಮ ಪ್ರಮಾಣದಲ್ಲಿ ಎರಡು ಸಲ ಕೊಂಡಿದ್ದೀರಿ, ಒಮ್ಮೆ 98ಕ್ಕೆ, ಒಮ್ಮೆ 102ಕ್ಕೆ. ಅರ್ಧ ಭಾಗವನ್ನು 103ಕ್ಕೆ ಮಾರಿದಿರಿ. ಸರಾಸರಿ ಬೆಲೆ ಹಿಡಿದರೆ ಲಾಭ 3, ಮೊದಲು ಕೊಂಡದ್ದೇ ಮೊದಲು ಹೋಯ್ತು ಅಂದರೆ 5. ನಿಮ್ಮ ಲೆಕ್ಕದ ನಿಯಮ ಯಾವುದು ಹೇಳುತ್ತದೋ ಅದೇ ಬರಬೇಕು. ಉಳಿದ ಅರ್ಧದ ಲಾಭ ಇನ್ನೂ ಕಾಗದದ ಮೇಲಿನದು. ಅನೇಕ ಕೇಂದ್ರ ಬ್ಯಾಂಕುಗಳಲ್ಲಿ ಅಂಥದ್ದನ್ನು ಸರ್ಕಾರಕ್ಕೆ ಹಂಚುವಂತಿಲ್ಲ, ಅಂಥ ಲಾಭವನ್ನು ಬೇರೆಯಾಗಿ ಇಡುವ ಮರುಮೌಲ್ಯಮಾಪನ ಖಾತೆಗೇ ಹೋಗಬೇಕು. ಅದರಲ್ಲೂ ಬೆಲೆಯಿಂದ ಬಂದದ್ದೆಷ್ಟು, ವಿನಿಮಯ ದರದಿಂದ ಬಂದದ್ದೆಷ್ಟು ಬೇರೆಬೇರೆ ತೋರಿಸಬೇಕು. ವಾಣಿಜ್ಯ ಬ್ಯಾಂಕಿಗೆಂದು ಮಾಡಿದ ಟ್ರೆಷರಿ ಸಾಫ್ಟ್‌ವೇರ್ ಎಡವುವ ಜಾಗ ಇದೇ ಅಂತ ನನ್ನ ಅಭಿಪ್ರಾಯ. ಇನ್ನೊಂದು, ದಿನ ಮುಗಿಸಿದ ಮೇಲೆ ಹೋದ ವಾರದ ಡೀಲ್ ಒಂದನ್ನು ರದ್ದು ಮಾಡಿಸಿ. ನಡುವಿನ ದಿನಗಳ ಬಡ್ಡಿ, ಮರುಮೌಲ್ಯ ಎಲ್ಲ ತಾನಾಗಿ ಹಿಂದಿರುಗುತ್ತಾ, ಇಲ್ಲ ಯಾರಾದರೂ ಕೈಯಾರೆ ಜರ್ನಲ್ ಹಾಕಬೇಕಾ? ಚಿನ್ನ, ಎಸ್‌ಡಿಆರ್ (ಐಎಂಎಫ್ ತನ್ನ ಸದಸ್ಯ ದೇಶಗಳಿಗೆ ಕೊಡುವ ಮೀಸಲು ಆಸ್ತಿ) ಇದ್ದರೆ ಅವನ್ನೂ ಬಿಡಬೇಡಿ. ಲಂಡನ್ ಗುಣಮಟ್ಟದ ಚಿನ್ನದ ಗಟ್ಟಿ 350ರಿಂದ 430 ಔನ್ಸ್ ವರೆಗೆ ಎಷ್ಟಾದರೂ ತೂಗಬಹುದು, ಹಾಗಾಗಿ ಗಟ್ಟಿಗೊಂದು ದಾಖಲೆ ಬೇಕು.

ಬ್ಯಾಂಕುಗಳು ಪರಸ್ಪರ ಪಾವತಿ ಸಂದೇಶ ಕಳಿಸುವ ಅಂತರರಾಷ್ಟ್ರೀಯ ಜಾಲವಾದ ಸ್ವಿಫ್ಟ್ ಸಂಪರ್ಕದ ಬಗ್ಗೆ ಸುಮ್ನೆ ‘ಬೆಂಬಲ ಇದೆ’ ಅಂದರೆ ಒಪ್ಪಬೇಡಿ. ಗಡಿಯಾಚೆಯ ಪಾವತಿಗಳಿಗೆ 2025ರ ನವೆಂಬರ್‌ನಿಂದ ಐಎಸ್‌ಒ 20022 ಎಂಬ ಹೊಸ ಸಂದೇಶ ಮಾದರಿಯೇ ಬಂದಿದೆ. ವಿದೇಶಿ ವಿನಿಮಯ ಡೀಲ್ ದೃಢೀಕರಣಕ್ಕೆ ಎಂಟಿ 300 ಎಂಬ ಹಳೆಯ ಸಂದೇಶ ಮಾದರಿ ಇನ್ನೂ ಇದೆ. ಎರಡೂ ಬೇಕು. 2016ರ ಫೆಬ್ರವರಿಯ ಬಾಂಗ್ಲಾದೇಶ ಬ್ಯಾಂಕ್ (ಅಲ್ಲಿನ ಕೇಂದ್ರ ಬ್ಯಾಂಕ್) ಪ್ರಕರಣ ಗೊತ್ತಲ್ವಾ? ಕಳ್ಳರು ನಕಲಿ ಸ್ವಿಫ್ಟ್ ಸಂದೇಶ ಕಳಿಸಿ 8.1 ಕೋಟಿ ಡಾಲರನ್ನು ಫಿಲಿಪ್ಪೀನ್ಸ್‌ಗೆ ಸಾಗಿಸಿದರು. ಸಂದೇಶ ಅಚ್ಚಾಗಬೇಕಿದ್ದ ಪ್ರಿಂಟರ್ ಆ ಹೊತ್ತಿಗೆ ಕೆಲಸ ಮಾಡುತ್ತಿರಲಿಲ್ಲ, ಬ್ಯಾಂಕಿನವರಿಗೆ ತಕ್ಷಣ ತಿಳಿಯಲೇ ಇಲ್ಲ. ಹಾಗಾಗಿ ವಿದೇಶಿ ಬ್ಯಾಂಕುಗಳ ಸ್ಟೇಟ್‌ಮೆಂಟ್ ಜೊತೆ ದಿನವೂ ತಾನಾಗಿ ತಾಳೆ ನೋಡುವ ವ್ಯವಸ್ಥೆ ಕೇಳಿ. ಡೀಲ್ ಹಾಕಿದವರೇ ಪಾವತಿಗೆ ಒಪ್ಪಿಗೆ ಕೊಡಲು ಯಾವ ದಾರಿಯೂ ಇರಬಾರದು, ಅಡ್ಮಿನ್‌ಗೂ.

ಬೆಲೆ ಹೋಲಿಸುವಾಗ ಲೈಸೆನ್ಸ್ ಮಾತ್ರ ನೋಡಬೇಡಿ. ವಾರ್ಷಿಕ ನಿರ್ವಹಣೆ, ಮಾರುಕಟ್ಟೆ ದರಗಳ ಫೀಡ್, ಹಳೆಯ ಡೇಟಾ ಸಾಗಿಸುವ ಖರ್ಚು ಎಲ್ಲ ಸೇರಿಸಿ ಹಲವು ವರ್ಷಕ್ಕೆ ಲೆಕ್ಕ ಹಾಕಿ. ಅದೇ ಸಾಫ್ಟ್‌ವೇರ್ ಬಳಸುವ ಬೇರೆ ಕೇಂದ್ರ ಬ್ಯಾಂಕಿನವರ ಜೊತೆ, ವೆಂಡರ್ ಇಲ್ಲದಾಗ, ಮಾತಾಡಿ. ಹಳೆಯ ಎಕ್ಸೆಲ್ ಅನ್ನು ಕನಿಷ್ಠ ಒಂದು ವರ್ಷಾಂತ್ಯದ ಲೆಕ್ಕ ಮುಗಿಯುವವರೆಗೂ ಜೊತೆಯಲ್ಲೇ ಓಡಿಸಿ. ಜಾಸ್ತಿ ಕೆಲಸ ಅಂತ ನಿಮ್ಮವರು ಗೊಣಗಿದರೂ ಇದನ್ನು ಬಿಡಬೇಡಿ.