ಓದುಗರ ಪ್ರಶ್ನೆ: ಸ್ಟ್ರಕ್ಟ್‌ನ ಗಾತ್ರವನ್ನು ಕಂಪೈಲರ್‌ನಿಂದಲೇ ಪರೀಕ್ಷಿಸುವುದು

ಪ್ರಶ್ನೆ: 8 ಬಿಟ್‌ನ ಎವಿಆರ್ ಮೈಕ್ರೊಕಂಟ್ರೋಲರ್‌ಗೆ ಬರೆದಿದ್ದ ಸಿ ಪ್ರೋಗ್ರಾಮನ್ನು 32 ಬಿಟ್‌ನ ಆರ್ಮ್ ಕಾರ್ಟೆಕ್ಸ್-ಎಂ ಚಿಪ್‌ಗೆ ಬದಲಾಯಿಸಿಕೊಂಡಿದ್ದೇನೆ. 1 ಬೈಟ್‌ನ ವಿಧ, 4 ಬೈಟ್‌ನ ಸಮಯ, 2 ಬೈಟ್‌ನ ಅಳತೆ ಇರುವ ಸ್ಟ್ರಕ್ಟ್ (ಹಲವು ಮಾಹಿತಿಗಳನ್ನು ಒಟ್ಟಿಗೆ ಇಡುವ ರಚನೆ) ಒಂದನ್ನು ಸೀರಿಯಲ್ ಮೂಲಕ ಇದ್ದಹಾಗೆಯೇ ಕಳಿಸುತ್ತೇನೆ. ಕಂಪೈಲ್ ಮಾಡುವಾಗ ಒಂದು ಎಚ್ಚರಿಕೆಯೂ ಬರುವುದಿಲ್ಲ, ಆದರೆ ಆ ಕಡೆ ಬರುವ ಅಂಕಿಗಳೆಲ್ಲ ಅಡ್ಡಾದಿಡ್ಡಿ. ಇಂಥ ತಪ್ಪನ್ನು ಬೋರ್ಡಿಗೆ ಹಾಕುವ ಮೊದಲೇ ಹಿಡಿಯಲು ಸಾಧ್ಯವೇ?
– ಓದುಗರೊಬ್ಬರು, ಮೈಸೂರು

ಉತ್ತರ: ಖಂಡಿತ ಸಾಧ್ಯ. ಎವಿಆರ್‌ನಲ್ಲಿ ಬೈಟ್‌ಗಳು ಒಂದಕ್ಕೊಂದು ಅಂಟಿಕೊಂಡೇ ಕೂರುತ್ತವೆ, ಆದ್ದರಿಂದ ನಿಮ್ಮ ಸ್ಟ್ರಕ್ಟ್ ಅಲ್ಲಿ ಸರಿಯಾಗಿ 7 ಬೈಟ್. ಆರ್ಮ್‌ನಲ್ಲಿ 4 ಬೈಟ್‌ನ ಸಂಖ್ಯೆ ನಾಲ್ಕರಿಂದ ಭಾಗವಾಗುವ ವಿಳಾಸದಲ್ಲೇ ಇರಬೇಕೆಂದು ಕಂಪೈಲರ್ ನೋಡಿಕೊಳ್ಳುತ್ತದೆ. ಹಾಗಾಗಿ ವಿಧದ ನಂತರ 3 ಬೈಟ್ ಖಾಲಿ ಬಿಟ್ಟು, ಕೊನೆಯಲ್ಲಿ ಇನ್ನೂ 2 ಬೈಟ್ ಸೇರಿಸಿ, ಒಟ್ಟು 12 ಬೈಟ್ ಮಾಡುತ್ತದೆ. ಸಮಯವು 1ನೇ ಆಫ್‌ಸೆಟ್‌ನ (ಸ್ಟ್ರಕ್ಟ್‌ನ ಆರಂಭದಿಂದ ಸೊನ್ನೆಯಿಂದ ಎಣಿಸಿದ ಬೈಟ್ ಸ್ಥಾನ) ಬದಲು 4ನೆಯದರಲ್ಲಿ, ಅಳತೆಯು 5ರ ಬದಲು 8ರಲ್ಲಿ ಕೂರುತ್ತದೆ. ಭಾಷೆಯ ನಿಯಮದ ಪ್ರಕಾರ ಇದು ತಪ್ಪೇ ಅಲ್ಲ, ಎಚ್ಚರಿಕೆ ಬಾರದಿರುವುದು ಅದಕ್ಕೇ. ಸ್ಟ್ರಕ್ಟ್ 7 ಬೈಟ್ ಇರುತ್ತದೆ ಎಂಬುದು ನಿಮ್ಮ ಮನಸ್ಸಿನಲ್ಲಿ ಮಾತ್ರ ಇತ್ತು, ಪ್ರೋಗ್ರಾಮಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಅದನ್ನು ಬರೆದಿಡಲು 2011ರ ಸಿ11 ಆವೃತ್ತಿಯಿಂದ ಸ್ಟ್ಯಾಟಿಕ್ ಅಸರ್ಟ್ ಎಂಬ ಸೌಲಭ್ಯ ಭಾಷೆಯಲ್ಲೇ ಇದೆ. ಆವರಣದೊಳಗೆ ಒಂದು ಷರತ್ತು, ಅಲ್ಪವಿರಾಮ, ಬಳಿಕ ಉದ್ಧರಣ ಚಿಹ್ನೆಯೊಳಗೆ ಒಂದು ಸಂದೇಶ, ಇಷ್ಟೇ ಅದರ ರೂಪ. ಷರತ್ತು ಸುಳ್ಳಾದರೆ ಕಂಪೈಲರ್ ನಿಮ್ಮ ಸಂದೇಶವನ್ನು ತೋರಿಸಿ ಅಲ್ಲಿಗೇ ನಿಲ್ಲಿಸುತ್ತದೆ. ಚಿಪ್‌ಗೆ ಇದರಿಂದ ಒಂದು ಬೈಟ್‌ನ ಹೊರೆಯೂ ಬೀಳುವುದಿಲ್ಲ. ಮಾಮೂಲಿ ಅಸರ್ಟ್ ಆದರೆ ಪ್ರೋಗ್ರಾಮ್ ಓಡಿ ಆ ಸಾಲನ್ನು ಮುಟ್ಟಿದಾಗ ಮಾತ್ರ ಎಚ್ಚರಗೊಳ್ಳುತ್ತದೆ, ಎನ್‌ಡೀಬಗ್ ಎಂದು ವ್ಯಾಖ್ಯಾನಿಸಿ ಕಂಪೈಲ್ ಮಾಡಿದರೆ ಮಾಯವೇ ಆಗಿಬಿಡುತ್ತದೆ.

ಸ್ಟ್ರಕ್ಟ್ ಮುಗಿದ ಕೂಡಲೇ, ಅದೇ ಹೆಡರ್ ಫೈಲಿನಲ್ಲಿ, ಅದರ ಸೈಜ್‌ಆಫ್ (ಬೈಟ್‌ಗಳಲ್ಲಿ ಗಾತ್ರ) 7ಕ್ಕೆ ಸಮ ಎಂದು ಬರೆಯಿರಿ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ ಎಂದು ಒತ್ತಿ ಹೇಳುತ್ತೇನೆ. ನಾಳೆ ಯಾರಾದರೂ ಸಮಯ ಮತ್ತು ಅಳತೆಯ ಸ್ಥಾನಗಳನ್ನು ಅದಲುಬದಲು ಮಾಡಿದರೆ ಎವಿಆರ್‌ನಲ್ಲಿ ಒಟ್ಟು ಗಾತ್ರ 7 ಆಗಿಯೇ ಉಳಿಯುತ್ತದೆ, ಪರೀಕ್ಷೆ ಪಾಸಾಗುತ್ತದೆ, ಕಳಿಸುವ ಮಾಹಿತಿ ಮಾತ್ರ ಕೆಟ್ಟಿರುತ್ತದೆ. ಆದ್ದರಿಂದ ಒಳಗಿನ ಅಂಶದ ಆಫ್‌ಸೆಟ್ ತಿಳಿಸುವ ಆಫ್‌ಸೆಟ್‌ಆಫ್ ಬಳಸಿ ಸಮಯ 1ರಲ್ಲಿ, ಅಳತೆ 5ರಲ್ಲಿ ಇದೆಯೆಂದೂ ಬೇರೆ ಬೇರೆ ಸಾಲುಗಳಲ್ಲಿ ಪರೀಕ್ಷಿಸಿ. ಪ್ರೀಪ್ರೊಸೆಸರ್‌ನ ಹ್ಯಾಶ್-ಇಫ್‌ನಿಂದ ಈ ಕೆಲಸ ಆಗದು, ಏಕೆಂದರೆ ಅದು ನಡೆಯುವ ಹಂತದಲ್ಲಿ ಟೈಪ್‌ಗಳ ಗಾತ್ರ ಇನ್ನೂ ಗೊತ್ತಿರುವುದಿಲ್ಲ.

ಹಳೆಯ ಕಂಪೈಲರ್ ಬಳಸಲೇಬೇಕಾದವರು ಇನ್ನೊಂದು ಉಪಾಯ ಮಾಡುತ್ತಾರೆ: ಷರತ್ತು ನಿಜವಾದರೆ 1, ಸುಳ್ಳಾದರೆ ಮೈನಸ್ 1 ಗಾತ್ರದ ಅರೇ ಟೈಪ್ ಒಂದನ್ನು ಟೈಪ್‌ಡೆಫ್ ಮಾಡುವುದು. ಋಣ ಗಾತ್ರದ ಅರೇ ಇರಲು ಸಾಧ್ಯವಿಲ್ಲದ್ದರಿಂದ ಕಂಪೈಲ್ ನಿಂತುಹೋಗುತ್ತದೆ. ಲಿನಕ್ಸ್ ಕರ್ನೆಲ್‌ನ ಬಿಲ್ಡ್-ಬಗ್-ಆನ್ ಮ್ಯಾಕ್ರೊ ಬಹುಕಾಲ ಈ ಉಪಾಯವನ್ನೇ ನಂಬಿತ್ತು. ಅದರ ಅರ್ಥ ಮಾತ್ರ ತಿರುಗುಮುರುಗು, ಷರತ್ತು ನಿಜವಾದಾಗ ದೋಷ ತೋರಿಸುತ್ತದೆ. ಈ ಉಪಾಯದಲ್ಲಿ ಒಂದು ಅಪಾಯವಿದೆ. ಫಂಕ್ಷನ್‌ನ ಒಳಗೆ, ಕಂಪೈಲ್ ಹಂತದಲ್ಲಿ ಬೆಲೆ ತಿಳಿಯದ ವೇರಿಯಬಲ್ ಒಂದು ಷರತ್ತಿನಲ್ಲಿ ಸೇರಿಕೊಂಡರೆ, ಸಿ99ರ ನಂತರದ ಕಂಪೈಲರ್ ಅದನ್ನು ಓಡುವಾಗ ಗಾತ್ರ ನಿರ್ಧಾರವಾಗುವ ಅರೇ ಎಂದು ತಿಳಿದು ಸುಮ್ಮನೆ ಒಪ್ಪಿಕೊಳ್ಳಬಹುದು. ಪರೀಕ್ಷೆ ಇದೆ ಎಂದು ನೀವು ನಂಬಿರುತ್ತೀರಿ, ಅದು ಏನನ್ನೂ ಪರೀಕ್ಷಿಸುತ್ತಿರುವುದಿಲ್ಲ. ಸ್ಟ್ಯಾಟಿಕ್ ಅಸರ್ಟ್ ಇದಕ್ಕೆ ಅವಕಾಶ ಕೊಡದೆ, ಸ್ಥಿರವಲ್ಲದ ಷರತ್ತನ್ನು ದೋಷವೆಂದೇ ತಿರಸ್ಕರಿಸುತ್ತದೆ. ಸಾಧ್ಯವಿರುವ ಕಡೆಯೆಲ್ಲ ಅದನ್ನೇ ಬಳಸಿ ಎನ್ನಲು ನನಗೆ ಈ ಕಾರಣವೊಂದೇ ಸಾಕು.

ಪರೀಕ್ಷೆ ದೋಷವನ್ನು ತೋರಿಸುತ್ತದೆಯೇ ಹೊರತು ಸರಿಪಡಿಸುವುದಿಲ್ಲ. ಸ್ಟ್ರಕ್ಟ್‌ಗೆ ಪ್ಯಾಕ್ಡ್ ಗುಣ (ನಡುವೆ ಖಾಲಿ ಬೈಟ್ ಬಿಡಬೇಡ ಎಂಬ ಸೂಚನೆ) ಕೊಟ್ಟರೆ ಆರ್ಮ್‌ನಲ್ಲೂ 7 ಬೈಟ್ ಆಗುತ್ತದೆ, ಆದರೆ ಒಳಗಿನ ಸಮಯಕ್ಕೆ ಪಾಯಿಂಟರ್ ತೆಗೆದುಕೊಂಡು ಅದರ ಮೂಲಕ ಓದಿದರೆ ಕಾರ್ಟೆಕ್ಸ್-ಎಂ0ನಂಥ ಚಿಪ್ ಹಾರ್ಡ್ ಫಾಲ್ಟ್ ಎಂಬ ಗಂಭೀರ ದೋಷಸ್ಥಿತಿಗೆ ಬೀಳಬಹುದು. ಬೈಟ್‌ಗಳ ಕ್ರಮವೂ ಈ ಪರೀಕ್ಷೆಗಳಲ್ಲಿ ಕಾಣುವುದಿಲ್ಲ. ನನ್ನ ಸಲಹೆಯೆಂದರೆ, ಒಂದೊಂದು ಬೈಟನ್ನೂ ಶಿಫ್ಟ್ ಮಾಡಿ 7 ಬೈಟ್‌ನ ಬಫರ್‌ಗೆ ತುಂಬುವ ಚಿಕ್ಕ ಫಂಕ್ಷನ್ ಬರೆದು, ಆ ಬಫರನ್ನೇ ಕಳಿಸಿ.

ಪ್ರಶ್ನೆ: ದೋಷ ಸಂಖ್ಯೆಗಳ ಈನಮ್‌ಗೆ (ಹೆಸರಿಟ್ಟ ಸ್ಥಿರ ಸಂಖ್ಯೆಗಳ ಪಟ್ಟಿ) ಹೊಸದೊಂದನ್ನು ಸೇರಿಸಿ, ಸಂದೇಶಗಳ ಪಟ್ಟಿಗೆ ಸೇರಿಸಲು ಮರೆತರೆ ಕಂಪೈಲರ್ ಹಿಡಿಯುವಂತೆ ಮಾಡಬಹುದೇ?
– ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಮಾಡಬಹುದು. ಈನಮ್‌ನ ಕೊನೆಯಲ್ಲಿ ಒಟ್ಟು ಎಣಿಕೆಯನ್ನು ಸೂಚಿಸುವ ಹೆಸರೊಂದನ್ನಿಟ್ಟು, ಪಟ್ಟಿಯ ಸೈಜ್‌ಆಫ್ ಅನ್ನು ಅದರ ಮೊದಲ ಅಂಶದ ಸೈಜ್‌ಆಫ್‌ನಿಂದ ಭಾಗಿಸಿದರೆ ಆ ಎಣಿಕೆಯೇ ಬರಬೇಕೆಂದು ಸ್ಟ್ಯಾಟಿಕ್ ಅಸರ್ಟ್ ಬರೆಯಿರಿ. ಎಣಿಕೆಯನ್ನು ಕಾನ್ಸ್ಟ್ ಇಂಟ್ ವೇರಿಯಬಲ್‌ನಲ್ಲಿ ಇಡಬೇಡಿ, ಸಿ++ನಲ್ಲಿ ಅದು ನಡೆದರೂ ಸಿ ಭಾಷೆ ಅದನ್ನು ಸ್ಥಿರ ಸಂಖ್ಯೆಯೆಂದು ಒಪ್ಪುವುದಿಲ್ಲ. ಪಟ್ಟಿಯನ್ನು ಘೋಷಿಸುವಾಗ ಚೌಕಾವರಣವನ್ನು ಖಾಲಿ ಬಿಡುವುದೂ ಮುಖ್ಯ. ಅಲ್ಲಿ ಎಣಿಕೆಯ ಹೆಸರನ್ನೇ ಬರೆದರೆ, ಬಿಟ್ಟುಹೋದ ಸಂದೇಶದ ಜಾಗದಲ್ಲಿ ಕಂಪೈಲರ್ ನಲ್ ಪಾಯಿಂಟರ್ ತುಂಬುತ್ತದೆ, ಗಾತ್ರ ಯಾವಾಗಲೂ ಹೊಂದುತ್ತದೆ, ಪರೀಕ್ಷೆ ಎಂದೂ ಸೋಲುವುದಿಲ್ಲ. ಪ್ರತಿ ಸಂದೇಶಕ್ಕೂ ಈನಮ್‌ನ ಹೆಸರನ್ನೇ ಸೂಚ್ಯಂಕವಾಗಿ ಕೊಟ್ಟು ತುಂಬುವವರು, ನಡುವೆ ಒಂದು ಬಿಟ್ಟುಹೋದರೆ ಈ ಪರೀಕ್ಷೆಗೆ ತಿಳಿಯದು ಎಂಬುದನ್ನು ಗಮನಿಸಿ, ಮುದ್ರಿಸುವ ಮೊದಲು ಪಾಯಿಂಟರ್ ನಲ್ ಅಲ್ಲವೆಂದು ಪ್ರೋಗ್ರಾಮ್ ಓಡುವಾಗಲೂ ನೋಡಿಕೊಳ್ಳಬೇಕು.