ಅರ್ಧ ಸ್ಕಾಲರ್‌ಶಿಪ್ ಬಂದರೆ ಏನು ಮಾಡಲಿ?

ಫೆಬ್ರುವರಿಯಿಂದ ಮೇ ತಿಂಗಳವರೆಗೆ ವಿಜಯಪುರದ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಬರುವ ಪಿಯುಸಿ ಮಕ್ಕಳಲ್ಲಿ ನೀಟ್, ಸಿಇಟಿ ರ‍್ಯಾಂಕಿನ ಭಯದ ಜೊತೆಗೆ ಈಚಿನ ವರ್ಷಗಳಲ್ಲಿ ಇನ್ನೊಂದು ಸಂಕಟವನ್ನು ಕಾಣುತ್ತಿದ್ದೇನೆ. ಆಯ್ದ ಕೆಲವರಿಗಷ್ಟೇ ಪ್ರವೇಶ ಕೊಡುವ ಖಾಸಗಿ ವಿಶ್ವವಿದ್ಯಾಲಯಗಳ ಮೆರಿಟ್ ಸ್ಕಾಲರ್‌ಶಿಪ್‌ಗಾಗಿ ಪೈಪೋಟಿಗೆ ಇಳಿದ ಮಕ್ಕಳು ಇವರು. ಒಂದೇ ಬಗೆಯ ಪ್ರಕರಣ ಮತ್ತೆ ಮತ್ತೆ ಬರುತ್ತಿರುವುದರಿಂದಲೂ, ಅದರಲ್ಲಿ ಒಂದು ನನ್ನನ್ನು ಇಂದಿಗೂ ಕಾಡುತ್ತಿರುವುದರಿಂದಲೂ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ತಂದೆ, ಮಗಳು ಇಬ್ಬರ ಒಪ್ಪಿಗೆಯೂ ಇದೆ.

ಹುಡುಗಿ ತಿಕೋಟಾ ಕಡೆಯವಳು, ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗ, ಗಣಿತದಲ್ಲಿ ಅಪ್ಪಟ ಆಸಕ್ತಿ. ತಂದೆಗೆ ಎರಡು ಎಕರೆ ದ್ರಾಕ್ಷಿ. ರಾಜ್ಯದ ಹೊರಗಿನ ಒಂದು ವಿಶ್ವವಿದ್ಯಾಲಯದ ನಾಲ್ಕು ವರ್ಷದ ಪದವಿಗೆ ಅರ್ಜಿ ಹಾಕಿ, ಪ್ರಬಂಧ ಬರೆದು, ಆನ್‌ಲೈನ್ ಸಂದರ್ಶನದ ಸುತ್ತಿಗೆ ಆಯ್ಕೆಯಾಗಿದ್ದಳು. ಅಲ್ಲಿಂದ ಊಟ ಸೇರುತ್ತಿರಲಿಲ್ಲ, ನಸುಕಿನ ಮೂರಕ್ಕೇ ಎಚ್ಚರವಾಗುತ್ತಿತ್ತು, ಹೊಟ್ಟೆನೋವಿಗೆ ವೈದ್ಯರು ಕಾರಣ ಕಾಣದೆ ನನ್ನ ಬಳಿ ಕಳಿಸಿದ್ದರು.

ಮೊದಲ ಎರಡು ಭೇಟಿಗಳಲ್ಲಿ ನಾನು ತಪ್ಪು ದಾರಿಯಲ್ಲಿದ್ದೆ. ಇದು ಸೋಲಿನ ಭಯವೆಂದು ಭಾವಿಸಿ ಉಸಿರಾಟದ ಅಭ್ಯಾಸ, ನಿದ್ದೆಯ ಶಿಸ್ತು, ಸಂದರ್ಶನದ ತಾಲೀಮು ಇವುಗಳಲ್ಲೇ ಸಮಯ ಕಳೆದೆ. ಮೂರನೆಯ ಭೇಟಿಯಲ್ಲಿ, "ಫಲಿತಾಂಶದ ದಿನವನ್ನು ಕಣ್ಮುಂದೆ ತಂದುಕೋ, ಏನು ಬಂದರೆ ನಿನಗೆ ಹೆಚ್ಚು ನೋವಾಗುತ್ತದೆ?" ಎಂದು ಕೇಳಿದೆ. ಆಕೆ ಬಹಳ ಹೊತ್ತು ತಲೆ ತಗ್ಗಿಸಿ ಕುಳಿತು ಹೇಳಿದಳು: "ಪೂರಾ ಬಂದ್ರ ಛಲೋರಿ ಮೇಡಂ. ಏನೂ ಬರಲಿಲ್ಲಂದ್ರೂ ಛಲೋ. ಅರ್ಧ ಬಂತಂದ್ರ ಏನ್ ಮಾಡ್ಲಿ? ಅಪ್ಪ ಒಲ್ಲೆ ಅನ್ನಂಗಿಲ್ಲ."

ಆಮೇಲೆ ಚೀಲದಿಂದ ಗಣಿತದ ನೋಟ್‌ಬುಕ್ ತೆಗೆದು ಕೊನೆಯ ಪುಟ ತೋರಿಸಿದಳು. ಶೇ. 25, 50, 75, 100 ಎಂದು ನಾಲ್ಕು ಸಾಲು ಹಾಕಿಕೊಂಡಿದ್ದಳು. ಬೋಧನಾ ಶುಲ್ಕ ವರ್ಷಕ್ಕೆ ನಾಲ್ಕು ಲಕ್ಷ, ಹಾಸ್ಟೆಲು ಮತ್ತು ಊಟಕ್ಕೆ ಒಂದೂವರೆ ಲಕ್ಷ. ಸ್ಕಾಲರ್‌ಶಿಪ್ ಅನ್ವಯವಾಗುವುದು ಬೋಧನಾ ಶುಲ್ಕಕ್ಕೆ ಮಾತ್ರ. ಹೀಗಾಗಿ ಅರ್ಧ ಮಾಫಾದರೂ ವರ್ಷಕ್ಕೆ ಮೂರೂವರೆ ಲಕ್ಷ, ನಾಲ್ಕು ವರ್ಷಕ್ಕೆ ಹದಿನಾಲ್ಕು ಲಕ್ಷ. ನಡುವೆ ಶುಲ್ಕ ಏರಿದರೆ ಅದು ಬೇರೆ. ಶೇ. 50ರ ಸಾಲನ್ನು ಎಷ್ಟು ಸಲ ಅಳಿಸಿ ಬರೆದಿದ್ದಳೆಂದರೆ ಅಲ್ಲಿ ಕಾಗದವೇ ಹರಿದಿತ್ತು. ಈ ಲೆಕ್ಕವನ್ನು ಮನೆಯಲ್ಲಿ ಯಾರಿಗೂ ತೋರಿಸಿರಲಿಲ್ಲ. ಊರಿನವರು ಆಗಲೇ ಅಭಿನಂದಿಸತೊಡಗಿದ್ದರಿಂದ, ಲೆಕ್ಕ ತೆಗೆದರೆ ಅಪಶಕುನ ನುಡಿದಂತಾಗುತ್ತದೆ ಎಂಬ ಅಳುಕು ಆಕೆಗಿತ್ತು.

ಆಕೆಯ ಅನುಮತಿ ಪಡೆದು ತಂದೆಯನ್ನು ಕರೆಸಿದೆ. ಮಾರ್ಚ್ ತಿಂಗಳು, ಹಣ್ಣು ಕೊಯ್ದು ಒಣಗಿಸಲು ಶೆಡ್ಡಿಗೆ ಹಾಕುವ ಕಾಲ. ಒಣಗಿಸುವ ಮುನ್ನ ಹಣ್ಣು ಅದ್ದುವ ಡಿಪ್ಪಿಂಗ್ ಎಣ್ಣೆಯ ಕಲೆ ಅಂಗಿಯ ತೋಳಿನಲ್ಲಿ ಇದ್ದಂತೆಯೇ ಬಂದಿದ್ದರು. ಪುಟವನ್ನು ಮುಂದಿಟ್ಟೆ. ಅವರು ಓದಿದರು, ಮತ್ತೆ ಮೇಲಿನಿಂದ ಓದಿದರು. "ಸರಸ್ವತಿ ತಾನಾಗೇ ಮನಿಗೆ ಬಂದಾಗ ಬ್ಯಾಡ ಅನ್ನೂದು ಹ್ಯಾಂಗ್ರಿ? ಅವರು ಅರ್ಧ ಬಿಟ್ಟ ಮ್ಯಾಲ ಉಳಿದರ್ಧ ನಾ ಹೊಂದಿಸಲಿಲ್ಲಂದ್ರ, ಮಗಳನ ನಾನೇ ಸೋಲಿಸಿದಂಗ ಆಗತೈತಿ" ಎಂದರು. ನಾನು ಉತ್ತರಿಸುವ ಮೊದಲೇ ಮಗಳು, "ಅಪ್ಪಾ, ಎಲ್ಲಿಂದ ಹೊಂದಸ್ತಿ, ಅದನ್ನ ಇದರಾಗ ಬರಿ" ಎಂದು ಪೆನ್ನು ಕೊಟ್ಟಳು. ಅವರು ಪೆನ್ನನ್ನು ಬಹಳ ಹೊತ್ತು ಹಿಡಿದುಕೊಂಡೇ ಕುಳಿತಿದ್ದು, ಕೊನೆಗೆ ಪುಟದ ಅಡಿಯಲ್ಲಿ ಬರೆದದ್ದು ಮಗಳಿಗೆ ತಿಳಿಯದಿದ್ದ ಒಂದು ಸಾಲು: ಹೋದ ವರ್ಷದ ಮಣೂಕವನ್ನು (ಒಣದ್ರಾಕ್ಷಿಯನ್ನು) ದರ ಬರಲೆಂದು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು, ಅದರ ಮೇಲೆ ಆಗಲೇ ಸಾಲ ತೆಗೆದಿದ್ದರು. ಶುಲ್ಕದ ಎರಡನೆಯ ಕಂತು ಕಟ್ಟುವ ಹೊತ್ತಿಗೆ ಅಕ್ಟೋಬರ್ ಚಾಟ್ನಿಯ, ಅಂದರೆ ಬಳ್ಳಿ ಸವರುವ ಕೆಲಸದ ಕೂಲಿ, ಔಷಧ, ಗೊಬ್ಬರದ ಖರ್ಚು ಕೈಕಚ್ಚಿರುತ್ತದೆ, ತೋಟದ ದುಡ್ಡು ಬರುವುದು ಬೇಸಿಗೆಗೆ ಎಂಬುದನ್ನೂ ಅವರೇ ಹೇಳಿದರು. ಮಗಳು ಅತ್ತಳು. ಆದರೆ ಅಂದು ರಾತ್ರಿ ಬಹಳ ದಿನಗಳ ಮೇಲೆ ಬೆಳಗಿನವರೆಗೂ ಮಲಗಿದ್ದಳೆಂದು ಮುಂದಿನ ಭೇಟಿಯಲ್ಲಿ ತಿಳಿಯಿತು.

ನಾನು ಕೊಟ್ಟ ಸಲಹೆ ಇಷ್ಟು. ವಿಶ್ವವಿದ್ಯಾಲಯದ ಪತ್ರ ಬರುವ ಮುಂಚೆಯೇ, ಮನೆ ವರ್ಷಕ್ಕೆ ಎಷ್ಟು ಹೊರಬಲ್ಲದು ಎಂಬ ಒಂದು ಅಂಕಿಯನ್ನು ತಂದೆ, ಮಗಳು ಇಬ್ಬರೂ ಕೂಡಿ ಬರೆದಿಡಬೇಕು, ಪತ್ರದಂತೆ ಕಟ್ಟಬೇಕಾದ ಮೊತ್ತ ಅದನ್ನು ಮೀರಿದರೆ, ಮನೆಯ ಆದಾಯವನ್ನು ವಿವರಿಸಿ ಹೆಚ್ಚಿನ ನೆರವಿಗೆ ಒಮ್ಮೆ ಕೇಳಬೇಕು, ಒಪ್ಪದಿದ್ದರೆ ಬಿಡಬೇಕು. ಅವರು ಬರೆದ ಅಂಕಿ ಒಂದೂವರೆ ಲಕ್ಷ. ಅದರಿಂದ ಶೇ. 75 ಕೂಡ ಪಟ್ಟಿಯಿಂದ ಹೊರಗಾಯಿತು. ಸಂದರ್ಶನಕ್ಕೆ ಹೋಗಬೇಡವೆಂದು ನಾನು ಹೇಳಲಿಲ್ಲ. ಪೂರ್ಣ ನೆರವಿಗಾಗಿ ಮನಸಾರೆ ಸ್ಪರ್ಧಿಸು ಎಂದೇ ಹೇಳಿದೆ.

ಏಪ್ರಿಲ್‌ನಲ್ಲಿ ಪತ್ರ ಬಂತು: ಶೇ. 50. ಮನವಿಗೆ, ಮೆರಿಟ್ ಪ್ರಮಾಣ ಬದಲಿಸಲಾಗದು ಎಂಬ ಉತ್ತರ. ಪತ್ರದ ಎರಡನೆಯ ಪುಟದಲ್ಲಿ ಇನ್ನೊಂದು ಷರತ್ತಿತ್ತು: ಯಾವುದೇ ವರ್ಷ ಸಿಜಿಪಿಎ (ಸರಾಸರಿ ಗ್ರೇಡ್ ಅಂಕ) 8ಕ್ಕಿಂತ ಕೆಳಗಿಳಿದರೆ ರಿಯಾಯಿತಿ ನಿಲ್ಲುತ್ತದೆ. ಆಕೆ ಹಿಂದೆ ಸರಿದಳು.

ಆಕೆಯ ಕಾಲೇಜಿನ ಉಪನ್ಯಾಸಕರೊಬ್ಬರು ನನಗೆ ಫೋನ್ ಮಾಡಿ, ಹಳ್ಳಿಯ ಹುಡುಗಿಯೊಬ್ಬಳ ರೆಕ್ಕೆ ಕತ್ತರಿಸಿದಿರಿ, ಶಿಕ್ಷಣ ಸಾಲ ಇರುವುದಾದರೂ ಯಾತಕ್ಕೆ ಎಂದು ಕೇಳಿದರು. ಅವರ ಕಳಕಳಿಯನ್ನು ಗೌರವಿಸುತ್ತೇನೆ. ಸಾಲದ ದಾರಿಯನ್ನೂ ನೋಡಿದ್ದೆವು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಜಾಮೀನಿಲ್ಲದೆ ಸಾಲ ಸಿಗುತ್ತದೆ; 8 ಲಕ್ಷದವರೆಗಿನ ವಾರ್ಷಿಕ ಆದಾಯದ ಕುಟುಂಬಕ್ಕೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ. 3ರಷ್ಟು ರಿಯಾಯಿತಿಯೂ ಇದೆ. ಆದರೆ ಅದು ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಅಲ್ಲದೆ ಶುದ್ಧ ಗಣಿತ ಓದಿ ಮುಂದೆ ಸಂಶೋಧನೆಗೆ ಹೋಗಬೇಕೆನ್ನುವ ಹುಡುಗಿ ಇಪ್ಪತ್ತೆರಡನೆಯ ವಯಸ್ಸಿಗೆ ಸಾಲದ ಕಂತಿಗಾಗಿ ಸಿಕ್ಕ ಕೆಲಸಕ್ಕೆ ಸೇರಬೇಕಾಗುತ್ತದೆ. ಅವಳು ಗಣಿತವನ್ನು ಬಿಡಬೇಕಾಗಿ ಬರುವ ದಾರಿಗೆ ಅವಳ ಗಣಿತದ ಪ್ರತಿಭೆಯ ಹೆಸರಿನಲ್ಲೇ ತಳ್ಳುವುದು ನನಗೆ ಸರಿ ಕಾಣಲಿಲ್ಲ.

ಪಾಲಕರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಿದೆ. ಅಂಕ ಮತ್ತು ಸಂದರ್ಶನ ನೋಡಿ ಕೊಡುವ ಮೆರಿಟ್ ಸ್ಕಾಲರ್‌ಶಿಪ್ ಬೇರೆ, ಮನೆಯ ಆದಾಯ ನೋಡಿ ಕೊಡುವ ನೆರವು ಬೇರೆ. ಮೊದಲನೆಯದು ಮಗುವಿನ ಸಾಮರ್ಥ್ಯಕ್ಕೆ ಸಂದದ್ದು. ಆ ಕುಟುಂಬಕ್ಕೆ ಉಳಿದ ಹಣ ಕಟ್ಟಲು ಸಾಧ್ಯವೇ ಎಂಬುದನ್ನು ಅದು ಲೆಕ್ಕಕ್ಕೆ ತೆಗೆದುಕೊಂಡಿರಲೇಬೇಕೆಂದಿಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಹರಿಯಾಣದ ಅಶೋಕ ವಿಶ್ವವಿದ್ಯಾಲಯದಂಥವು ಆದಾಯ ಆಧಾರಿತ ನೆರವು ಕೊಡುತ್ತವೆ. ಅರ್ಜಿ ಹಾಕುವಾಗಲೇ ಈ ಬಗೆಯ ಸಂಸ್ಥೆಗಳನ್ನು ಸೇರಿಸಿಕೊಳ್ಳಬೇಕಿತ್ತು, ಈ ಹುಡುಗಿಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ. ಬೇರೆಡೆ ಶುಲ್ಕ ವಿನಾಯಿತಿ ಪಡೆಯುವವರಿಗೆ ಕೇಂದ್ರ ಸರ್ಕಾರದ ‘ಕೇಂದ್ರ ವಲಯ’ ವಿದ್ಯಾರ್ಥಿವೇತನ, ಅಂದರೆ ಪದವಿಗೆ ವರ್ಷಕ್ಕೆ ಸಿಗುವ 12,000 ರೂಪಾಯಿ, ಸಲ್ಲುವುದಿಲ್ಲ ಎಂಬುದೂ ಅನೇಕರಿಗೆ ಗೊತ್ತಿಲ್ಲ. ಇನ್ನು, ಮುಂಗಡ ಕಟ್ಟಲು ಒಂದು ವಾರ ಗಡುವು ಕೊಟ್ಟಿದ್ದಾರೆಂದು ಗಾಬರಿಯಾಗಿ ಬಂಗಾರ ಒತ್ತೆಯಿಟ್ಟವರನ್ನು ಕಂಡಿದ್ದೇನೆ. ಪ್ರವೇಶ ರದ್ದು ಮಾಡಿದರೆ ಶುಲ್ಕ ಮರಳಿಸುವ ಬಗ್ಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮವಿದೆ. 2024ರಲ್ಲಿ ಸೆಪ್ಟೆಂಬರ್ 30ರೊಳಗೆ ಬಿಟ್ಟವರಿಗೆ ಪೂರ್ಣ ಶುಲ್ಕ ಮರಳಿಸಬೇಕೆಂದು ಅದು ಹೇಳಿತ್ತು. ಆಯಾ ವರ್ಷದ ಸುತ್ತೋಲೆ ಓದದೆ ಹಣ ಕಟ್ಟಬೇಡಿ.

ಹುಡುಗಿ ಈಗ ಧಾರವಾಡದಲ್ಲಿ ಬಿಎಸ್ಸಿ ಓದುತ್ತಿದ್ದಾಳೆ. ಪಿಯುಸಿಯಲ್ಲಿ ಮಂಡಳಿಯ ಮೊದಲ ಶೇ. 1ರೊಳಗೆ ಬಂದಿದ್ದರಿಂದ, ಮೂಲ ವಿಜ್ಞಾನ ಓದುವವರಿಗೆ ವರ್ಷಕ್ಕೆ 80,000 ರೂಪಾಯಿ ಕೊಡುವ ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದಾಳೆ. ಚಾಟ್ನಿ ಮುಗಿದ ಮೇಲೆ ತಂದೆ ಫೋನ್ ಮಾಡಿ, ಮಣೂಕ ಮಾರಾಟವಾಗಿ ಸ್ಟೋರೇಜಿನ ಸಾಲ ತೀರಿತೆಂದು ಹೇಳಿದರು. ಮಗಳು ಹೇಗಿದ್ದಾಳೆ ಎಂದು ಕೇಳಿದೆ. "ಓದು ನಡದೈತ್ರಿ, ನಿದ್ದಿ ಮಾಡ್ತಾಳ. ಆ ಯುನಿವರ್ಸಿಟಿ ಹೆಸರ ಯಾರರ ತಗದ್ರ ಮಾತ್ರ ಎದ್ದು ಒಳಗ ಹೋಗ್ತಾಳ್ರಿ" ಎಂದರು. ರಜೆಗೆ ಬಂದಾಗ ಒಮ್ಮೆ ಕರೆತನ್ನಿ ಎಂದಿದ್ದೇನೆ.