ಮುದ್ದೆಯನ್ನು ಅಗಿಯದೆ ನುಂಗಿದರೆ ಅದು ಜೀರ್ಣವಾಗುವುದು ಹೇಗೆ?

ಮಂಡ್ಯದ ಕಡೆ ರಾಗಿ ಮುದ್ದೆಯನ್ನು ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದರಿಂದ ಜೊಲ್ಲಿನ ಕಿಣ್ವಕ್ಕೆ ಸಮಯವೇ ಸಿಗುವುದಿಲ್ಲವಲ್ಲ ಎಂದು ಕೇಳಿದ್ದೀರಿ. ಮುದ್ದೆಯ ಪಿಷ್ಟ ಬಹುಪಾಲು ಜೀರ್ಣವಾಗುವುದು ಸಣ್ಣ ಕರುಳಿನಲ್ಲಿ, ಮೇದೋಜೀರಕ ಗ್ರಂಥಿ ಸುರಿಸುವ ಅಮೈಲೇಸ್ ಎಂಬ ಕಿಣ್ವದಿಂದ. ಜೊಲ್ಲಿನಲ್ಲೂ ಇದೇ ಬಗೆಯ ಕಿಣ್ವವಿದ್ದರೂ ಅದರ ಪಾಲು ಚಿಕ್ಕದು. ಜಠರದ ಆಮ್ಲ ತಾಗಿದ ಮೇಲೆ ಅದು ನಿಷ್ಕ್ರಿಯವಾಗುತ್ತದೆ.

ಆದರೆ ಊಟ ಬಂದಿದೆಯೆಂದು ಮೇದೋಜೀರಕಕ್ಕೆ ತಿಳಿಸುವವರು ಯಾರು? ಆ ಕೆಲಸ ಮುಖ್ಯವಾಗಿ ಹಾರ್ಮೋನಿನದು. ಕಿಣ್ವವು ಆಹಾರದ ದೊಡ್ಡ ಅಣುಗಳನ್ನು ತಾನೇ ಒಡೆಯುತ್ತದೆ. ಹಾರ್ಮೋನು ಆಹಾರವನ್ನು ಮುಟ್ಟುವುದೇ ಇಲ್ಲ, ರಕ್ತದಲ್ಲಿ ಸಾಗಿ ಸೂಚನೆಯನ್ನಷ್ಟೇ ಒಯ್ಯುತ್ತದೆ. ಆಮ್ಲ ಬೆರೆತ ಆಹಾರ ಜಠರದಿಂದ ಸಣ್ಣ ಕರುಳಿಗೆ ಇಳಿದಾಗ ಕರುಳಿನ ಗೋಡೆಯು ಸೆಕ್ರೆಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಮೇದೋಜೀರಕವನ್ನು ತಲುಪಿದಾಗ ಕ್ಷಾರೀಯ ರಸ ಹರಿದು ಆಮ್ಲವನ್ನು ಶಮನಗೊಳಿಸುತ್ತದೆ, ಏಕೆಂದರೆ ಆಮ್ಲದಲ್ಲಿ ಅಲ್ಲಿನ ಕಿಣ್ವಗಳು ಸರಿಯಾಗಿ ಕೆಲಸ ಮಾಡಲಾರವು. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಶರೀರಶಾಸ್ತ್ರಜ್ಞರು ಇದನ್ನು ತೋರಿಸಿದರು: ನಾಯಿಯ ಕರುಳಿನ ನರಗಳನ್ನು ಕತ್ತರಿಸಿ ಅಲ್ಲಿಗೆ ಆಮ್ಲ ಹಾಕಿದಾಗಲೂ ಮೇದೋಜೀರಕ ರಸ ಸುರಿಸಿತು, ಅಂದರೆ ಸೂಚನೆ ನರಗಳಿಂದಲ್ಲ, ರಕ್ತದ ಮೂಲಕವೇ ಬಂದಿತ್ತು. ನನ್ನ ಮಟ್ಟಿಗೆ ಶರೀರಶಾಸ್ತ್ರದ ಅತ್ಯಂತ ಸುಂದರ ಪ್ರಯೋಗಗಳಲ್ಲಿ ಇದೂ ಒಂದು.

ಮುದ್ದೆಯ ಜೊತೆಗಿನ ಬಸ್ಸಾರಿಗೂ ಇಲ್ಲಿ ಪಾತ್ರವಿದೆ. ಕಾಳಿನ ಪ್ರೋಟೀನು ಮತ್ತು ಒಗ್ಗರಣೆಯ ಎಣ್ಣೆ ಕರುಳನ್ನು ತಲುಪಿದಾಗ ಕೊಲೆಸಿಸ್ಟೊಕೈನಿನ್ ಎಂಬ ಇನ್ನೊಂದು ಹಾರ್ಮೋನು ಹೊರಟು, ಪಿತ್ತಕೋಶವನ್ನು ಸಂಕುಚಿಸಿ ಪಿತ್ತರಸವನ್ನು ಇಳಿಸುತ್ತದೆ, ಮೇದೋಜೀರಕದಿಂದ ಕಿಣ್ವಗಳನ್ನು ಹೊರಡಿಸುತ್ತದೆ. ಆ ಕಿಣ್ವಗಳಲ್ಲಿ ಮುದ್ದೆಗೆ ಬೇಕಾದ ಅಮೈಲೇಸ್ ಕೂಡ ಇರುತ್ತದೆ.